ಒಂದೂ ಬಾಲ್ ಆಡದೆ ಸೋತವನು

ಮಳವಳ್ಳಿಯಲ್ಲಿ ಟೆನಿಸ್ ಬಾಲ್ ಟೂರ್ನಿ, ಮೊದಲ ಸುತ್ತು. ನಮ್ಮ ಮದ್ದೂರು ಹುಡುಗರ ಟೀಮಿಗೆ ಕೊನೆಯ ಓವರಿನಲ್ಲಿ ಒಂಬತ್ತು ರನ್ ಬೇಕಿತ್ತು. ಉಳಿದಿದ್ದು ಒಂದೇ ವಿಕೆಟ್. ಕೊನೆಯವನಾಗಿ ಇಳಿದ ನಾನು ನಾನ್ ಸ್ಟ್ರೈಕರ್ ತುದಿಯಲ್ಲಿ ನಿಂತಿದ್ದೆ. ಎದುರಿಗಿದ್ದ ಗೆಳೆಯ ಮೊದಲ ಬಾಲನ್ನೇ ಸಿಕ್ಸರ್ ಎತ್ತಲು ಹೋಗಿ ಬೌಲ್ಡ್ ಆದ. ನಾನು ಒಂದೂ ಬಾಲ್ ಆಡಲಿಲ್ಲ. ಆದರೂ ವಾಪಸ್ ಬರುವ ಬಸ್ಸಿನಲ್ಲಿ ಸೋತವರ ಜೊತೆ ತಲೆ ತಗ್ಗಿಸಿಕೊಂಡೇ ಕೂತಿದ್ದೆ.

ನಮ್ಮ ಟೀಮಿಗೆ ಸೋಲು ಹೊಸದಲ್ಲ. ಮೂರು ವರ್ಷದಿಂದ ಮೊದಲ ಸುತ್ತು ದಾಟಿಲ್ಲ. ಇಷ್ಟಾದರೂ ನಮಗೊಬ್ಬರು ಖಾಯಂ ಅಭಿಮಾನಿ ಇದ್ದಾರೆ, ನನ್ನ ಅಪ್ಪ. ಟೈಲರ್ ಕೆಲಸ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು, ಮ್ಯಾಚ್ ಮಂಡ್ಯದಲ್ಲಿರಲಿ, ಮಳವಳ್ಳಿಯಲ್ಲಿರಲಿ, ಬಂದು ಮರದ ನೆರಳಲ್ಲಿ ಕೂರುತ್ತಾರೆ. ಗೆದ್ದರೆ ಹಂಚಲೆಂದು ಚೀಲದಲ್ಲಿ ವಡೆ ತಂದಿರುತ್ತಾರೆ. ಸೋತರೂ ಅದನ್ನೇ ಹಂಚುತ್ತಾರೆ. ಅವರು ಆರ್‌ಸಿಬಿ ಅಭಿಮಾನಿ ಕೂಡ. 2009, 2011, 2016ರ ಮೂರು ಫೈನಲ್ ಸೋಲುಗಳನ್ನೂ ಕೂತು ನೋಡಿದವರು.

ಆ ದಿನ ಮಾತ್ರ ಅವರ ಮುಖ ನೋಡಲು ನನಗೆ ಆಗಲಿಲ್ಲ. ಹಿಂದಿನ ವಾರವಷ್ಟೇ ನಾನು ಬರೆದಿದ್ದ ನೌಕರಿ ಪರೀಕ್ಷೆಯ ಪಟ್ಟಿ ಬಂದಿತ್ತು. ಎರಡನೇ ಸಲವೂ ನನ್ನ ನಂಬರ್ ಇರಲಿಲ್ಲ.

ಸೋಮವಾರ ಎಂದಿನಂತೆ ರೈಲು ಹತ್ತಿ ಮಂಡ್ಯದ ಗ್ರಂಥಾಲಯಕ್ಕೆ ಹೋದೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಪ್ರಶ್ನೆ ಕಣ್ಣಿಗೆ ಬಿತ್ತು. ಆ್ಯಷಸ್ ಸರಣಿಗೆ ಆ ಹೆಸರು ಬಂದದ್ದು ಹೇಗೆ? ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಚಾರ್ಲ್ಸ್ ಥಾಮಸ್ ಸ್ಟಡ್ ಎಂಬ ಮನುಷ್ಯ.

ಸ್ಟಡ್ ಹುಟ್ಟಿದ್ದು 1860ರಲ್ಲಿ, ಇಂಗ್ಲೆಂಡಿನಲ್ಲಿ. ಅಪ್ಪ ಎಡ್ವರ್ಡ್ ಸ್ಟಡ್ ನಮ್ಮ ದೇಶದ ತಿರ್ಹುತ್‌ನಲ್ಲಿ ನೀಲಿ ಬೆಳೆಸಿ ದೊಡ್ಡ ಆಸ್ತಿ ಮಾಡಿದವರು. ಆ ಕಾಲದ ನೀಲಿ ತೋಟಗಳಲ್ಲಿ ರೈತರು ಪಟ್ಟ ಪಾಡು ಇತಿಹಾಸ ಓದುವ ನಮಗೆ ಗೊತ್ತೇ ಇದೆ. ಆ ಹಣದಲ್ಲೇ ಮಕ್ಕಳು ಈಟನ್ ಶಾಲೆಯಲ್ಲಿ, ಕೇಂಬ್ರಿಡ್ಜ್‌ನಲ್ಲಿ ಓದಿದರು. ಜಾರ್ಜ್, ಚಾರ್ಲ್ಸ್, ಕೈನಾಸ್ಟನ್ ಮೂವರೂ ಒಬ್ಬರ ನಂತರ ಒಬ್ಬರು ಕೇಂಬ್ರಿಡ್ಜ್ ಕ್ರಿಕೆಟ್ ತಂಡದ ನಾಯಕರಾದರು. ಚಾರ್ಲ್ಸ್ 1882ರ ಒಂದೇ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ರನ್, ನೂರಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಪ್ರವಾಸಕ್ಕೆ ಬಂದಿದ್ದ ಆಸ್ಟ್ರೇಲಿಯಾ ತಂಡದ ಎದುರೇ ಎರಡು ಶತಕ ಹೊಡೆದರು.

ಅದೇ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಟೆಸ್ಟ್ ಪಂದ್ಯ ನಡೆಯಿತು. ಗೆಲ್ಲಲು ಇಂಗ್ಲೆಂಡಿಗೆ 85 ರನ್ ಸಾಕಿತ್ತು. ಎರಡು ವಿಕೆಟ್‌ಗೆ 51 ಆದಾಗ ಎಲ್ಲರೂ ಗೆದ್ದೆವೆಂದೇ ಅಂದುಕೊಂಡಿದ್ದರು. ಆಮೇಲೆ ಸ್ಪಾಫರ್ತ್ ಎಂಬ ಬೌಲರ್ ಆಟವನ್ನೇ ತಿರುಗಿಸಿಬಿಟ್ಟ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿದ್ದ ಸ್ಟಡ್ ಅವರನ್ನು ನಾಯಕ ಹಿಂದೆ ಹಿಂದೆ ತಳ್ಳಿ ಹತ್ತನೆಯವರಾಗಿ ಇಳಿಸಿದ. ಅವರು ನಾನ್ ಸ್ಟ್ರೈಕರ್ ತುದಿಗೆ ಹೋಗಿ ನಿಂತರು. ಎದುರಿನ ತುದಿಯಲ್ಲಿ ಒಬ್ಬ ಔಟಾದ. ಕೊನೆಯವನಾಗಿ ಬಂದ ಪೀಟ್ ಎರಡು ರನ್ ಹೊಡೆದ. ಆಮೇಲೆ ದೊಡ್ಡ ಹೊಡೆತಕ್ಕೆ ಕೈ ಹಾಕಿ ಬೌಲ್ಡ್ ಆದ. ಇಂಗ್ಲೆಂಡ್ 77ಕ್ಕೆ ಆಲೌಟ್. ಏಳು ರನ್ ಸೋಲು. ಸ್ಟಡ್ ಔಟಾಗದೆ ಸೊನ್ನೆ. ಒಂದೂ ಬಾಲ್ ಆಡಿರಲಿಲ್ಲ!

ಇದನ್ನು ಓದಿದಾಗ ನನಗೆ ಮಳವಳ್ಳಿಯ ಮೈದಾನ ಕಣ್ಣ ಮುಂದೆ ಬಂತು. ನನ್ನದು ಊರ ಹುಡುಗರಿಗಷ್ಟೇ ಗೊತ್ತಿರುವ ಸೋಲು. ಅವರದ್ದು ದೇಶವೇ ನೋಡಿದ ಸೋಲು. ಇಂಗ್ಲಿಷ್ ಕ್ರಿಕೆಟ್ ಸತ್ತಿದೆ, ಅದನ್ನು ಸುಟ್ಟು ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯುತ್ತಾರೆ ಎಂದು ಒಂದು ಪತ್ರಿಕೆ ಅಣಕದ ಮರಣವಾರ್ತೆ ಹಾಕಿತು. ಆ್ಯಷಸ್ ಹೆಸರು ಹುಟ್ಟಿದ್ದು ಹಾಗೆ. ಮುಂದಿನ ಪ್ರವಾಸದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಆ ಬೂದಿಯನ್ನು ಗೆದ್ದು ತಂದ ತಂಡದಲ್ಲೂ ಸ್ಟಡ್ ಇದ್ದರು. ಒಂದೇ ವರ್ಷದೊಳಗೆ ಸೋಲು, ಗೆಲುವು ಎರಡೂ ಆದವು.

ಆದರೆ ಗೆಲುವೂ ಅವರನ್ನು ಹಿಡಿದಿಡಲಿಲ್ಲ. ಸ್ವಲ್ಪ ಕಾಲದಲ್ಲೇ ಅಣ್ಣ ಜಾರ್ಜ್ ಸಾಯುವಷ್ಟು ಕಾಯಿಲೆ ಬಿದ್ದರು. ಹಾಸಿಗೆ ಪಕ್ಕ ಕೂತು ರಾತ್ರಿಗಳನ್ನು ಕಳೆದ ಸ್ಟಡ್‌ಗೆ, ಈ ಹೊತ್ತಿನಲ್ಲಿ ಅಣ್ಣನಿಗೆ ಕ್ರಿಕೆಟ್ಟಿನ ಹೆಸರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಎದ್ದಿತು. ಜಾರ್ಜ್ ಉಳಿದುಕೊಂಡರು. ಚಾರ್ಲ್ಸ್ 1885ರಲ್ಲಿ ಕೇಂಬ್ರಿಡ್ಜ್ ಸೆವೆನ್ ಎಂದು ಹೆಸರಾದ ಏಳು ಜನರ ಗುಂಪಿನಲ್ಲಿ ಚೀನಾಕ್ಕೆ ಮಿಷನರಿಯಾಗಿ ಹೋದರು. 25 ತುಂಬಿದಾಗ ಅಪ್ಪನ ಆಸ್ತಿ ಕೈಗೆ ಬಂತು. 29 ಸಾವಿರ ಪೌಂಡ್! ಹಂಚಿಬಿಟ್ಟರು. ಅದರಲ್ಲಿ ಒಂದು ಪಾಲು ಭಾರತದಲ್ಲಿ ಕೆಲಸ ಮಾಡುತ್ತಿದ್ದ ಸಾಲ್ವೇಷನ್ ಆರ್ಮಿಗೂ ಬಂತು. ಮದುವೆಯಾಗಲಿದ್ದ ಪ್ರಿಸಿಲ್ಲಾ ಅವರಿಗೆಂದು ಸ್ವಲ್ಪ ಉಳಿಸಿದ್ದರು. ಅದನ್ನೂ ಕೊಟ್ಟುಬಿಡೋಣ ಎಂದವರು ಪ್ರಿಸಿಲ್ಲಾ ಅವರೇ.

ಆರೋಗ್ಯ ಕೆಟ್ಟು 1894ರಲ್ಲಿ ಚೀನಾದಿಂದ ವಾಪಸ್ ಬರಬೇಕಾಯಿತು. 1900ರಿಂದ 1906ರವರೆಗೆ ಸ್ಟಡ್ ಇದ್ದದ್ದು ನಮ್ಮ ಪಕ್ಕದ ಊಟಿಯಲ್ಲಿ. ನಾವು ಕಾಲೇಜು ಟ್ರಿಪ್ ಹೋಗಿ ಫೋಟೊ ತೆಗೆಸಿಕೊಂಡು ಬರುವ ಅದೇ ಊಟಿ. ಅಲ್ಲಿನ ಯೂನಿಯನ್ ಚರ್ಚ್‌ಗೆ ಅವರು ಪಾದ್ರಿ. ಆಸ್ತಮಾ ಬಿಡದೆ ಕಾಡುತ್ತಿತ್ತು. ಮಂಡ್ಯ, ಮೈಸೂರು, ಗುಂಡ್ಲುಪೇಟೆ ದಾಟಿದರೆ ಸಿಗುವ ಬೆಟ್ಟದ ಮೇಲೆ ಆ ಓವಲ್ ಆಟಗಾರ ಆರು ವರ್ಷ ಬದುಕಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಐವತ್ತು ದಾಟಿದ ಮೇಲೆ, ವೈದ್ಯರು ಬೇಡವೆಂದರೂ ಆಫ್ರಿಕಾಕ್ಕೆ ಹೊರಟರು. 1913ರಲ್ಲಿ ಕಾಂಗೋ ಸೇರಿದರು. ಹೃದಯದ ಕಾಯಿಲೆಯ ಹೆಂಡತಿ ಇಂಗ್ಲೆಂಡಿನಲ್ಲೇ ಉಳಿದರು. 1928ರಲ್ಲಿ ಅವರು ಕಾಂಗೋಗೆ ಬಂದರೂ ಹೆಚ್ಚು ದಿನ ಇರಲಾಗಲಿಲ್ಲ. ಮರುವರ್ಷ ತೀರಿಕೊಂಡರು. ಸ್ಟಡ್ ತಮ್ಮಂತೆಯೇ ಎಲ್ಲರೂ ಹಗಲು ರಾತ್ರಿ ದುಡಿಯಬೇಕು ಎನ್ನುವ ಕಠಿಣ ಮನುಷ್ಯರಾಗಿದ್ದರು. ಜೊತೆಯವರೊಡನೆ, ಇಂಗ್ಲೆಂಡಿನ ತಮ್ಮದೇ ಸಮಿತಿಯೊಡನೆ ಜಗಳವಾಯಿತು. 1931ರ ಜುಲೈ 16ರಂದು ಕಾಂಗೋದ ಇಬಾಂಬಿಯಲ್ಲಿ ಕಣ್ಣು ಮುಚ್ಚಿದರು. ಅವರು ಬಿಟ್ಟುಹೋದ ಸಂಸಾರದ ಕಷ್ಟ ನೆನೆದರೆ ಅವರನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಆದರೆ ಅವರು ಸ್ಕೋರ್ ಬೋರ್ಡ್ ನೋಡಿಕೊಂಡು ಬದುಕಲಿಲ್ಲ ಎಂಬುದನ್ನು ಮಾತ್ರ ಮರೆಯಲಾಗುವುದಿಲ್ಲ.

ನಮ್ಮ ಚರ್ಚಿನಲ್ಲಿ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚುತ್ತಾರೆ. ಮಣ್ಣಿಂದ ಬಂದವರು ಮಣ್ಣಿಗೇ ಎಂಬ ನೆನಪಿಗೆ. ಅಲ್ಲಿಂದ ಶುರುವಾಗುವ ತಪಸ್ಸು ಕಾಲ ಶುಭ ಶುಕ್ರವಾರಕ್ಕೆ ಬಂದು ನಿಲ್ಲುತ್ತದೆ. ಚಿಕ್ಕವನಿದ್ದಾಗ ನಾನು ಶಿಲುಬೆಯ ಮೇಲಿದ್ದ ಯೇಸುವನ್ನಷ್ಟೇ ನೋಡುತ್ತಿದ್ದೆ. ಈ ವರ್ಷ ಶಿಲುಬೆಯ ಕೆಳಗೆ ನಿಂತವರನ್ನು ನೋಡಿದೆ. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದರು. ತಾಯಿ ಮರಿಯ, ಇನ್ನು ಕೆಲವು ಹೆಂಗಸರು, ಪ್ರೀತಿಯ ಶಿಷ್ಯ ಮಾತ್ರ ನಿಂತಿದ್ದರು. ಅವರ ಕಣ್ಣಿಗೆ ಕಂಡದ್ದು ಬರೀ ಸೋಲು. ಭಾನುವಾರ ಏನಾಗುತ್ತದೆಂದು ಲೆಕ್ಕ ಹಾಕಿ ನಿಂತವರಲ್ಲ ಅವರು. ಪ್ರೀತಿಸಿದವನು ಅಲ್ಲಿದ್ದ ಎಂಬುದೊಂದೇ ಕಾರಣ.

ಸೋಲುವ ಟೀಮಿನ ಜೊತೆ ನಿಲ್ಲುವುದು ಎಂದರೆ ಇದೇ ಇರಬೇಕು. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಸಲಕ್ಕೆ ಕಪ್ ಗೆದ್ದಾಗ ಅಪ್ಪ ಅತ್ತರು. ಮಾರನೇ ದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಕೇಳಿ ಮತ್ತೆ ಅತ್ತರು. ಗೆದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು ಎಂದು ಆ ದಿನ ಅನಿಸಿತು.

ಗೆಳೆಯರೇ, ಪಟ್ಟಿಯಲ್ಲಿ ಹೆಸರು ಬಾರದ ದಿನ ನಾವು ನಮ್ಮ ಸೊನ್ನೆಯನ್ನಷ್ಟೇ ನೋಡುತ್ತೇವೆ. ನೆರಳಲ್ಲಿ ಚೀಲ ಹಿಡಿದು ಕೂತವರನ್ನು ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಅಪ್ಪ ಇಷ್ಟು ವರ್ಷ ಸೋಲುವ ಟೀಮಿಗೆ ಅಭಿಮಾನಿಯಾಗಿದ್ದರು ಅಂದೆನಲ್ಲ, ಆ ಟೀಮು ಆರ್‌ಸಿಬಿಯೂ ಅಲ್ಲ, ಮದ್ದೂರಿನದ್ದೂ ಅಲ್ಲ. ನಾನು.

ಮೊನ್ನೆ ಮೂರನೇ ಸಲ ಅರ್ಜಿ ಹಾಕಿದೆ. ಶುಲ್ಕದ ದುಡ್ಡನ್ನು ಅಪ್ಪ ಹೊಲಿಗೆ ಮೆಷಿನ್ನಿನ ಡ್ರಾಯರ್‌ನಿಂದ ತೆಗೆದು ಕೊಟ್ಟರು. ಈ ಸಲ ಆಗುತ್ತಾ ಎಂದು ಕೇಳಲಿಲ್ಲ. ಭಾನುವಾರದ ಮ್ಯಾಚ್ ಎಷ್ಟು ಗಂಟೆಗೆ ಎಂದು ಕೇಳಿದರು.