ಲಾರಿಗೆ ತಂಪು ತಂದ ಮೆಕ್ಯಾನಿಕ್



ತೋಟದಿಂದ ಟೊಮೇಟೊ ಕಿತ್ತು, ಆರಿಸಿ, ಲಾರಿಗೆ ಹೇರಿ ಪೇಟೆಗೆ ಕಳುಹಿಸುತ್ತೀರಿ. ಬೇಸಿಗೆಯ ದಿನ ಆ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಮಾಲಿನ ಗತಿ ಏನಾಗುತ್ತದೆಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ದುಡಿದದ್ದು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತದೆ. ಅಮೆರಿಕದ ರೈತರಿಗೂ ಈ ಕಷ್ಟ ತಪ್ಪಿರಲಿಲ್ಲ. ಅದಕ್ಕೆ ದಾರಿ ತೋರಿಸಿದಾತ ಗ್ಯಾರೇಜಿನಲ್ಲಿ ಕಸ ಗುಡಿಸುತ್ತ ಕೆಲಸ ಕಲಿತ ಒಬ್ಬ ಮೆಕ್ಯಾನಿಕ್. ಆತನ ಹೆಸರು ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ಆತನ ಜೀವನವನ್ನು ನೀವೂ ತಿಳಿಯಬೇಕು, ನಿಮ್ಮ ಮಕ್ಕಳಿಗೂ ಓದಿ ಹೇಳಬೇಕು.

ಗ್ಯಾರೇಜಿನಿಂದ ಹೊಲಕ್ಕೆ

ಜೋನ್ಸ್ ಹುಟ್ಟಿದ್ದು 1893ರ ಮೇ 17ರಂದು, ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿ. ಕಪ್ಪು ಜನಾಂಗದ ಬಡ ಹುಡುಗ. ಎಳೆವಯಸ್ಸಿನಲ್ಲಿಯೇ ತಾಯಿಯ ಆಸರೆ ತಪ್ಪಿತು. ತಂದೆ ಅವನನ್ನು ಒಬ್ಬ ಪಾದ್ರಿಯ ಬಳಿ ಬಿಟ್ಟರು. ಶಾಲೆಯ ಓದು ಹೆಚ್ಚು ದಿನ ನಡೆಯಲಿಲ್ಲ. ಹನ್ನೊಂದು ಹನ್ನೆರಡರ ಪ್ರಾಯದಲ್ಲಿ ಸಿನ್ಸಿನಾಟಿಯ ಮೋಟಾರು ಗ್ಯಾರೇಜೊಂದರಲ್ಲಿ ಗುಡಿಸುವ ಕೆಲಸಕ್ಕೆ ಸೇರಿಕೊಂಡ. ಗುಡಿಸುತ್ತಲೇ ದೊಡ್ಡವರು ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಣ್ಣಿಟ್ಟು ನೋಡಿದ. ಕೆಲವೇ ವರ್ಷಗಳಲ್ಲಿ ಒಳ್ಳೆಯ ಮೆಕ್ಯಾನಿಕ್ ಆದ.

1912ರಲ್ಲಿ ಆತ ಉತ್ತರದ ಮಿನ್ನೆಸೋಟ ರಾಜ್ಯದ ಹ್ಯಾಲಕ್ ಎಂಬ ಸಣ್ಣ ಊರಿಗೆ ಬಂದ. ಅಲ್ಲಿನ ಒಂದು ಭಾರಿ ಜಮೀನಿನಲ್ಲಿ ಬೇಸಾಯದ ಯಂತ್ರಗಳ ರಿಪೇರಿ ಆತನ ಪಾಲಿಗೆ ಬಂತು. ಸುಗ್ಗಿಯ ಕಾಲದಲ್ಲಿ ಯಂತ್ರ ನಿಂತರೆ ರೈತನಿಗೆ ಎಷ್ಟು ನಷ್ಟವೆಂಬುದನ್ನು ಜೋನ್ಸ್ ಅಲ್ಲಿ ಕಣ್ಣಾರೆ ಕಂಡ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಸೈನ್ಯದಲ್ಲಿ ವಿದ್ಯುತ್ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಮತ್ತೆ ಹ್ಯಾಲಕ್ ಊರಿಗೇ ಮರಳಿದ. ರೇಸಿನ ಕಾರು ಕಟ್ಟಿದ, ರೇಡಿಯೋ ಪ್ರಸಾರದ ಯಂತ್ರ ಜೋಡಿಸಿದ. ಊರಿನ ಚಿತ್ರಮಂದಿರಕ್ಕೆ ಮಾತಿನ ಚಿತ್ರ ಬಂದಾಗ ಧ್ವನಿಯ ಉಪಕರಣವನ್ನು ತಾನೇ ತಯಾರಿಸಿದ. ಇದನ್ನು ಕೇಳಿದ ಮಿನ್ನಿಯಾಪೊಲಿಸ್ ನಗರದ ಉದ್ಯಮಿ ಜೋಸೆಫ್ ನ್ಯೂಮೆರೋ ಆತನನ್ನು ಕರೆಸಿ ಕೆಲಸ ಕೊಟ್ಟ.

ಕೋಳಿ ಮಾಂಸದ ಲಾರಿ

ಆಗ ಮಾಂಸ, ಹಣ್ಣು, ತರಕಾರಿಗಳನ್ನು ಮಂಜುಗಡ್ಡೆಯ ಜೊತೆ ಇಟ್ಟು ಸಾಗಿಸುತ್ತಿದ್ದರು. ಮಂಜುಗಡ್ಡೆ ಕರಗಿದರೆ ಮಾಲು ಕೆಟ್ಟಂತೆಯೇ. 1938ರಲ್ಲಿ ನ್ಯೂಮೆರೋನ ಸ್ನೇಹಿತನಾದ ಲಾರಿ ಮಾಲೀಕನೊಬ್ಬ ಒಂದು ಲೋಡು ಕೋಳಿ ಮಾಂಸವನ್ನು ಸೆಕೆಯಲ್ಲಿ ಕಳೆದುಕೊಂಡ. ಲಾರಿಗೆ ತಂಪಿನ ಯಂತ್ರ ಮಾಡಿಕೊಡುತ್ತೇನೆಂದು ನ್ಯೂಮೆರೋ ತಮಾಷೆಗೆ ಹೇಳಿದ ಮಾತನ್ನು ಆತ ನಿಜವೆಂದೇ ಹಿಡಿದು, ಟ್ರೇಲರನ್ನೇ ಕಳುಹಿಸಿಬಿಟ್ಟ. ಕೆಲಸ ಜೋನ್ಸನ ತಲೆಗೆ ಬಂತು. ಆಗ ಆತನಿಗೆ ನಲವತ್ತೈದು ವರ್ಷ. ಆದರೂ ಆತ ಒಲ್ಲೆನೆನ್ನಲಿಲ್ಲ.

ತಂಪಿನ ಯಂತ್ರದ ಗುಟ್ಟು ಇಷ್ಟೇ: ತಂಪನ್ನು ಒಳಗೆ ತುಂಬುವುದಿಲ್ಲ, ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ನಿಮ್ಮ ಮನೆಯ ಮಣ್ಣಿನ ಮಡಕೆಯಲ್ಲಿ ನೀರು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಉಳಿದ ನೀರು ತಣ್ಣಗಾಗುತ್ತದಲ್ಲವೆ? ಇದೂ ಹಾಗೆಯೇ. ಕೊಳವೆಯಲ್ಲಿ ಹರಿಯುವ ದ್ರವ ಪೆಟ್ಟಿಗೆಯ ಒಳಗೆ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ಕಳುಹಿಸುತ್ತದೆ. ಅಲ್ಲಿ ಅದು ಗಾಳಿಗೆ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ.

ಹಳೆಯ ಅನುಭವ, ಹೊಸ ವಿದ್ಯೆ

ಇಂಥ ಯಂತ್ರಗಳು ಅದುವರೆಗೆ ಹೆಚ್ಚಾಗಿ ಭದ್ರವಾದ ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದವು. ಲಾರಿಯ ಮೇಲೆ ಏರಿಸಿದರೆ ಕುಲುಕಾಟಕ್ಕೆ ಜೋಡಣೆ ಸಡಿಲವಾಗುತ್ತಿತ್ತು, ಅನಿಲ ಸೋರುತ್ತಿತ್ತು. ಜೋನ್ಸನ ಹಳೆಯ ಅನುಭವ ಇಲ್ಲಿ ನೆರವಿಗೆ ಬಂತು. ಹಳ್ಳದಿಣ್ಣೆಯ ದಾರಿಯಲ್ಲಿ ಎಂಜಿನ್ ಹೇಗೆ ನಡುಗುತ್ತದೆಂದು ಆತ ಬಲ್ಲ. ಹಗುರಾದ, ಕುಲುಕಾಟ ತಡೆಯುವ ಯಂತ್ರವನ್ನು ಕಟ್ಟಿ, ಅದಕ್ಕೆ ಪ್ರತ್ಯೇಕ ಪೆಟ್ರೋಲ್ ಎಂಜಿನ್ ಜೋಡಿಸಿದ.

ಹಾಗೆಂದು ಮೊದಲ ಪ್ರಯತ್ನವೇ ಪೂರ್ತಿ ಗೆಲ್ಲಲಿಲ್ಲ. ಟ್ರೇಲರಿನ ಅಡಿಗೆ ಕೂರಿಸಿದ ಯಂತ್ರಕ್ಕೆ ರಸ್ತೆಯ ಕೆಸರು, ಧೂಳು ಮೆತ್ತಿಕೊಂಡಿತು. ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ತಂಪೆಲ್ಲಿಂದ ಬರಬೇಕು? ಜೋನ್ಸ್ ತಪ್ಪನ್ನು ಒಪ್ಪಿಕೊಂಡು, ಯಂತ್ರವನ್ನು ಇನ್ನಷ್ಟು ಚಿಕ್ಕದು ಮಾಡಿ ಟ್ರೇಲರಿನ ಮುಂಭಾಗದಲ್ಲಿ ಎತ್ತರಕ್ಕೆ ಏರಿಸಿದ. ಇಂದಿಗೂ ಹೆದ್ದಾರಿಯಲ್ಲಿ ತಂಪು ಲಾರಿಗಳನ್ನು ನೋಡಿ, ಯಂತ್ರ ಅಲ್ಲಿಯೇ ಇರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಆತನ ಯಂತ್ರಗಳು ಸೈನ್ಯದ ಆಹಾರ, ಔಷಧಿ, ರಕ್ತಗಳನ್ನು ಕಾಪಾಡಿದವು. 1944ರಲ್ಲಿ ಅಮೆರಿಕದ ಶೈತ್ಯ ಎಂಜಿನಿಯರುಗಳ ಸಂಘ ಆತನನ್ನು ಸದಸ್ಯನನ್ನಾಗಿ ಆರಿಸಿತು. ಕಪ್ಪು ಜನಾಂಗದವನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಒಳಗಿನ ಉಷ್ಣತೆಗೆ ತಕ್ಕಂತೆ ಎಂಜಿನನ್ನು ನಡೆಸುವ ವ್ಯವಸ್ಥೆಗೆ 1949ರಲ್ಲಿ, ತಂಪನ್ನೂ ಬೇಕೆಂದಾಗ ಬಿಸಿಯನ್ನೂ ಕೊಡುವ ಯಂತ್ರಕ್ಕೆ 1950ರಲ್ಲಿ ಪೇಟೆಂಟ್ ದೊರೆಯಿತು. ಹಿಮ ಬೀಳುವ ನಾಡಿನಲ್ಲಿ ಆಲೂಗೆಡ್ಡೆ ಹೆಪ್ಪುಗಟ್ಟಿದರೂ ನಷ್ಟವೇ ತಾನೆ! ಒಟ್ಟು 60ಕ್ಕೂ ಹೆಚ್ಚು ಪೇಟೆಂಟ್ ಪಡೆದ ಜೋನ್ಸ್ 1961ರ ಫೆಬ್ರವರಿ 21ರಂದು ಮಿನ್ನಿಯಾಪೊಲಿಸ್‌ನಲ್ಲಿ ತೀರಿಕೊಂಡ. ತಂತ್ರಜ್ಞಾನದ ರಾಷ್ಟ್ರೀಯ ಪದಕ ಬಂದದ್ದು ಮೂವತ್ತು ವರ್ಷ ತಡವಾಗಿ, 1991ರಲ್ಲಿ.

ನಮ್ಮ ಹುಡುಗರಿಗೆ

ನಿಮ್ಮ ಊರಿನಲ್ಲಿಯೂ ಪಂಪ್‌ಸೆಟ್ಟು, ಫ್ಯಾನು, ಏರ್ ಕೂಲರ್ ರಿಪೇರಿ ಮಾಡುವ ಚುರುಕಾದ ಹುಡುಗರು ಇದ್ದಾರೆ. ಹಾಲಿನ ಕೂಲರ್, ಶೈತ್ಯಾಗಾರ, ತಂಪು ಲಾರಿಗಳ ಕೆಲಸ ಅವರಿಗೆ ದೂರದ್ದಲ್ಲ. ಮೋಟಾರು, ತಂತಿ, ಬೇರಿಂಗಿನ ಜ್ಞಾನ ಅಲ್ಲಿಯೂ ಬೇಕು. ಆದರೆ ಅಷ್ಟೇ ಸಾಲದು. ಮನೆಯ ಏ.ಸಿ. ಕೆಟ್ಟರೆ ಜನ ಕಿಟಕಿ ತೆರೆದು ಮಲಗಿಯಾರು. 4 ಡಿಗ್ರಿಯಲ್ಲಿಡಬೇಕಾದ ಹಾಲು ಮರುದಿನದವರೆಗೆ ಕಾಯುವುದಿಲ್ಲ. ಒತ್ತಡದ ಗೇಜು ಓದುವುದನ್ನು ಕಲಿಯಬೇಕು. ಅನಿಲ ಕಡಿಮೆಯಾಗಿದ್ದರೆ ಸೋರಿಕೆ ಹುಡುಕಿ ಮುಚ್ಚದೆ ಮತ್ತೆ ತುಂಬಬಾರದು. ಹೊರಗಿನ ಕೊಳವೆಗಳಿಗೆ ಧೂಳು ಕಟ್ಟಿದೆಯೇ, ಒಳಗಿನವಕ್ಕೆ ಹಿಮ ಕಟ್ಟಿದೆಯೇ ಎಂದು ಮೊದಲು ನೋಡಬೇಕು. ದೊಡ್ಡ ಶೈತ್ಯಾಗಾರಗಳಲ್ಲಿ ಬಳಸುವ ಅಮೋನಿಯ ಪ್ರಾಣಕ್ಕೆ ಅಪಾಯ ತರಬಲ್ಲದು. ಆದ್ದರಿಂದ ಬಲ್ಲವರ ಕೈಕೆಳಗೆ ಕಲಿಯದೆ ಅದನ್ನು ಮುಟ್ಟಕೂಡದು.

ನಲವತ್ತೈದರಲ್ಲಿ ಜೋನ್ಸ್ ಹೊಸ ಕಸುಬಿಗೆ ಕೈಹಾಕಿದ. ನಿಮ್ಮ ಮನೆಯ ಇಪ್ಪತ್ತೈದರ ಹುಡುಗನಿಗೆ ಆ ಮನಸ್ಸಿದ್ದರೆ ತಡೆಯಬೇಡಿ, ಕಲಿಯಲು ಕಳುಹಿಸಿ. ನಾಳೆ ಊರಿನ ಹಾಲು, ಹಣ್ಣುಗಳನ್ನು ಉಳಿಸುವವನು ಅವನೇ ಆದಾನು.