ಮುದನೂರಿನ ನೇಕಾರ ದಾಸಿಮಯ್ಯ

ಕೃಷ್ಣೆ ಭೀಮೆಯರ ನಡುವೆ ಸುರಪುರ ಶಹಾಪುರಗಳ ಸೀಮೆ ಹರಡಿಕೊಂಡಿದೆ. ಭೀಮೆಯನ್ನು ದಾಟಿದರೆ ಯಾದಗಿರಿ. ಈ ನಾಡಿನ ಹೆಸರೆತ್ತಿದೊಡನೆ ಯಾದಗಿರಿಯ ಬೆಟ್ಟದ ಕೋಟೆ, ಬುದ್ಧನು ಮಲಗಿದಂತೆ ತೋರುವ ಶಹಾಪುರದ ಗುಡ್ಡ, ೧೮೫೮ರಲ್ಲಿ ಆಂಗ್ಲರನ್ನು ಎದುರಿಸಿ ನಿಂತ ಸುರಪುರದ ವೆಂಕಟಪ್ಪ ನಾಯಕ, ಇವೆಲ್ಲ ನೆನಪಿಗೆ ಬರುವುವು. ಆದರೆ ಕೋಟೆಗಳಿಗೂ ನಾಯಕರಿಗೂ ಬಹು ಹಿಂದೆಯೇ ಈ ಸೀಮೆಯ ಕೀರ್ತಿಯನ್ನು ಕನ್ನಡ ನಾಡಿನಲ್ಲಿ ಹರಡಿದವನು ಖಡ್ಗ ಹಿಡಿದವನಲ್ಲ, ಲಾಳಿ ಹಿಡಿದವನು. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನೇ ಅವನು.

ಅವನನ್ನು ಜೇಡರ ದಾಸಿಮಯ್ಯನೆಂದೂ ದೇವರ ದಾಸಿಮಯ್ಯನೆಂದೂ ಕರೆಯುವ ವಾಡಿಕೆಯುಂಟು. ಜೇಡನೆಂದರೆ ನೇಕಾರ, ಬಲೆ ನೆಯ್ಯುವ ಹುಳುವಿಗೂ ಕನ್ನಡಿಗರು ಅದೇ ಹೆಸರನ್ನಿತ್ತಿದ್ದಾರೆ. ಈ ಎರಡು ಹೆಸರುಗಳು ಇಬ್ಬರು ಬೇರೆ ಬೇರೆ ಶರಣರಿಗೆ ಸೇರಿದುವೆಂದು ವಾದಿಸಿದ ವಿದ್ವಾಂಸರಿದ್ದಾರೆ. ನೇಕಾರ ಜನಾಂಗದ ಪರಂಪರೆಯಲ್ಲಿ ಮಾತ್ರ ಇಬ್ಬರೂ ಒಬ್ಬನೇ. ಆ ಪರಂಪರೆಯಂತೆ ಅವನ ಕಾಲ ಹನ್ನೊಂದನೆಯ ಶತಮಾನ, ಕ್ರಿ. ಶ. ೧೦೧೫ರಲ್ಲಿ ಪಟ್ಟವೇರಿದ ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನ ಆಳ್ವಿಕೆ. ಆ ಅರಸನ ರಾಣಿ ಸುಗ್ಗಲದೇವಿಗೆ ದೀಕ್ಷೆಯಿತ್ತವನು ಇವನೇ ಎಂದು ಪುರಾಣಗಳು ಹೇಳುತ್ತವೆ. ಹೀಗೆ ನೋಡಿದರೆ ಬಸವಣ್ಣನವರಿಗೆ ನೂರು ವರ್ಷಗಳಷ್ಟು ಮೊದಲೇ ವಚನದ ದಾರಿಯನ್ನು ತೆರೆದವರಲ್ಲಿ ದಾಸಿಮಯ್ಯನು ಮುಖ್ಯನಾಗುತ್ತಾನೆ.

ಅವನ ಜೀವನದ ಕಥೆ ಕಾಡಿನಲ್ಲಿ ಮೊದಲಾಗುತ್ತದೆ. ತಾರುಣ್ಯದಲ್ಲಿ ದೇಹವನ್ನು ದಂಡಿಸಿ ಉಗ್ರವಾದ ತಪಸ್ಸಿನಲ್ಲಿ ಮುಳುಗಿದ್ದ ಅವನಿಗೆ ಶಿವನು ಪ್ರತ್ಯಕ್ಷನಾಗಿ, ಮೈಯನ್ನು ಸೊರಗಿಸುವುದನ್ನು ಬಿಟ್ಟು ಜನರ ನಡುವೆ ದುಡಿದು ಬಾಳುವಂತೆ ತಿಳಿಯಹೇಳಿದನಂತೆ. ತಪಸ್ವಿಯು ಊರಿಗೆ ಮರಳಿ ಮಗ್ಗದ ಮುಂದೆ ಕುಳಿತನು. ಕಾಯಕವೆಂಬ ಮಾತು ಕಲ್ಯಾಣದಲ್ಲಿ ಮೊಳಗುವುದಕ್ಕೆ ಮುಂಚೆಯೇ ಅದರ ತಿರುಳು ಮುದನೂರಿನ ಈ ಕಥೆಯಲ್ಲಿ ಅಡಗಿದೆಯೆನ್ನಬಹುದು.

ಮದುವೆಯ ಪ್ರಸಂಗವೂ ಸ್ವಾರಸ್ಯವಾದುದು. ಮರಳು ಬೆರೆತ ಅಕ್ಕಿಯನ್ನೂ ಕಬ್ಬಿನ ತುಂಡುಗಳನ್ನೂ ಹಿಡಿದು, ಬೇರೆ ನೀರು ಸೌದೆಗಳಿಲ್ಲದೆ ಇವುಗಳಿಂದಲೇ ಪಾಯಸ ಮಾಡಬಲ್ಲ ಕನ್ಯೆಯನ್ನು ಹುಡುಕುತ್ತ ಅವನು ಊರೂರು ಅಲೆದನು. ಗೊಬ್ಬೂರಿನ ದುಗ್ಗಳೆ ಅಕ್ಕಿಯಿಂದ ಮರಳನ್ನು ಬೇರ್ಪಡಿಸಿ, ಕಬ್ಬನ್ನು ಹಿಂಡಿ, ರಸದಲ್ಲಿ ಅಕ್ಕಿಯನ್ನಿಟ್ಟು, ಒಣಗಿದ ಸಿಪ್ಪೆಯನ್ನೇ ಉರಿಗೆ ಹಾಕಿ ಪಾಯಸವನ್ನು ಬಡಿಸಿದಳು. ಇದನ್ನು ಬರಿಯ ಜಾಣತನದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಮಗ್ಗದಲ್ಲಿ ಕೂರುವವನು ಒಬ್ಬನಾದರೂ ನೇಕಾರನ ಮನೆಯಲ್ಲಿ ದುಡಿಯುವ ಕೈಗಳು ಹಲವು. ನೂಲಿಗೆ ಗಂಜಿ ಹಾಕಬೇಕು, ಉಂಕೆಯನ್ನು ಉದ್ದಕ್ಕೆ ಎಳೆದು ಕಟ್ಟಬೇಕು, ಕಂಡಿಕೆಗಳನ್ನು ಸುತ್ತಬೇಕು. ಇದ್ದುದರಲ್ಲಿಯೇ ಕೆಲಸವನ್ನು ಸಾಗಿಸಬಲ್ಲ ಗೃಹಿಣಿಯಿಲ್ಲದೆ ಅಲ್ಲಿ ಮಗ್ಗ ನಡೆಯದು. ದುಗ್ಗಳೆಯು ತಾನೂ ವಚನಕಾರ್ತಿಯಾದಳು. ಅವಳ ಎರಡು ವಚನಗಳು ಉಳಿದುಬಂದಿವೆ. ಗಂಡ ಹೆಂಡಿರು ಒಂದುಗೂಡಿದ ಭಕ್ತಿಯನ್ನು ದಾಸಿಮಯ್ಯನು ಮೆಚ್ಚಿ ಹಾಡಿದುದೂ, ಮೈಯ ಗುರುತುಗಳಿಂದ ಗಂಡು ಹೆಣ್ಣೆಂದು ಕರೆದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಸಾರಿದುದೂ ಇಂತಹ ಸಂಸಾರದ ಅನುಭವದಿಂದಲೇ ಇರಬೇಕು.

ಅವನ ಹೆಸರಿನೊಡನೆ ಎಂದೆಂದಿಗೂ ಹೆಣೆದುಕೊಂಡಿರುವುದು ವಸ್ತ್ರದಾನದ ಕಥೆ. ಬಹುಕಾಲ ಶ್ರಮಿಸಿ ನೆಯ್ದ ಅಪೂರ್ವವಾದ ಬಟ್ಟೆಯೊಂದನ್ನು ಅವನು ಸಂತೆಗೆ ಒಯ್ದನು. ಅದರ ಬೆಲೆ ಕಟ್ಟುವವರೇ ಸಿಕ್ಕಲಿಲ್ಲ. ಆಗ ಮುದಿ ಜಂಗಮನ ವೇಷದಲ್ಲಿ ಬಂದ ಶಿವನು ಅದನ್ನು ಬೇಡಿ ಪಡೆದು, ಕಣ್ಣೆದುರಿಗೇ ಹರಿದು ಚೂರುಮಾಡಿದನು. ದಾಸಿಮಯ್ಯನು ಸಿಟ್ಟಾಗಲಿಲ್ಲ, ಕೊಟ್ಟ ಮೇಲೆ ಅದು ಪಡೆದವರ ಸೊತ್ತೆಂದು ಸುಮ್ಮನಿದ್ದನು. ಶಿವನು ಮೆಚ್ಚಿ, ಎಷ್ಟು ತೆಗೆದರೂ ಬರಿದಾಗದ ತವನಿಧಿಯನ್ನು ಅನುಗ್ರಹಿಸಿದನು. ಮುಂದಿನ ಶತಮಾನದ ಶರಣರು ತಮ್ಮ ವಚನಗಳಲ್ಲಿ ಈ ದಾನವನ್ನು ಗೌರವದಿಂದ ನೆನೆದಿದ್ದಾರೆ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಪುರಾಣಕಾರರ ಹೆಚ್ಚಳವಿರುವುದು ಅಲ್ಲಿಯೇ. ದೇವರಿಗೇ ಬಟ್ಟೆ ಕೊಟ್ಟವನು ತಾನೆಂಬ ಹೆಮ್ಮೆ ದಾಸಿಮಯ್ಯನಲ್ಲಿ ಮೊಳೆಯಿತು. ಬಡವನಾದ ಶಂಕರ ದಾಸಿಮಯ್ಯನೆಂಬ ಶರಣನಿಗೆ ತನ್ನ ನಿಧಿಯಲ್ಲಿ ಪಾಲು ಕೊಡುವೆನೆಂದು ಹೊರಟನು. ಆ ಬಡಶರಣನ ಮಹಿಮೆಯೆದುರು ಇವನ ಸಂಪತ್ತು ಕಿರಿದಾಯಿತು, ತವನಿಧಿಯೂ ಬರಿದಾಯಿತು. ತನ್ನ ತಪ್ಪನ್ನರಿತು ತಲೆಬಾಗಿದ ಮೇಲೆಯೇ ಅವನಿಗೆ ನಿಧಿ ಮರಳಿ ದೊರೆತದ್ದು.

ಈ ಕಥೆಯನ್ನು ತಿಳಿದು ಅವನ ಮಗ್ಗದ ವಚನವನ್ನು ಓದಿದರೆ ಅದರ ಅರ್ಥ ಇನ್ನಷ್ಟು ಹೊಳೆಯುತ್ತದೆ. ಉಂಕೆ, ಲಾಳಿ, ಕಂಡಿಕೆಗಳನ್ನು ಒಂದೊಂದಾಗಿ ಹೆಸರಿಸುತ್ತ ಬಂದು, ಕೊನೆಗೆ ಈ ಸೀರೆಯನ್ನು ನೆಯ್ದವನು ತಾನೋ ತನ್ನ ದೇವನಾದ ರಾಮನಾಥನೋ ಎಂದು ಅವನು ಸಂದೇಹಪಡುತ್ತಾನೆ. ಕಸುಬನ್ನು ಒಳಗಿನಿಂದ ಬಲ್ಲವನು ಮಾತ್ರ ಕೇಳಬಹುದಾದ ಪ್ರಶ್ನೆಯಿದು. ಕೈ ಚೆನ್ನಾಗಿ ಪಳಗಿದಾಗ ಕೆಲಸ ತಾನಾಗಿಯೇ ಸಾಗುವುದನ್ನು, ಮಾಡುವವನು ತನ್ನನ್ನು ಮರೆಯುವುದನ್ನು ನೇಕಾರರೆಲ್ಲರೂ ಬಲ್ಲರು. ದಾನಿಯ ಹೆಮ್ಮೆಗೆ ಎಡೆಯಿಲ್ಲದ ನಿಲುವು ಅದು.

ಈ ವಚನಗಳು ಓಲೆಗರಿಗಳಿಂದ ಅಚ್ಚಿಗೆ ಬಂದ ಬಗೆಯೂ ನೆನೆಯತಕ್ಕುದು. ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ ವಚನ ವಾಙ್ಮಯಕ್ಕೆ ಮರುಹುಟ್ಟು ಕೊಟ್ಟ ಫ. ಗು. ಹಳಕಟ್ಟಿಯವರು ನೇಕಾರ ಮನೆತನದವರೇ. ೧೯೭೩ರಲ್ಲಿ ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ತಂದ ನಾಲ್ವರು ವಚನಕಾರರಲ್ಲಿ ದಾಸಿಮಯ್ಯನೂ ಒಬ್ಬನಾಗಿ, ಮುದನೂರಿನ ಮಗ್ಗದ ದನಿ ಹೊರನಾಡುಗಳನ್ನೂ ಮುಟ್ಟಿತು.

ಇಂದು ಮುದನೂರಿನಲ್ಲಿ ರಾಮನಾಥನ ಗುಡಿಯಿದೆ. ಸರ್ಕಾರವೂ ದಾಸಿಮಯ್ಯನ ಜಯಂತಿಯನ್ನು ಆಚರಿಸುತ್ತದೆ. ಕತ್ತಲಾದ ಮೇಲೆ ಹಳೆಯ ಗೋಡೆಗಳ ಮೇಲೆ ಯಂತ್ರದ ಬೆಳಕಿನಿಂದ ಚಿತ್ರಗಳನ್ನು ಮೂಡಿಸುವ ಹೊಸ ಕಲೆಯೊಂದು ನಮ್ಮ ಕಾಲದಲ್ಲಿ ಬೆಳೆದಿದೆ. ಯಾದಗಿರಿಯ ಕೋಟೆಯ ಮೇಲೆ, ಸುರಪುರದ ಗೋಡೆಗಳ ಮೇಲೆ ಅಂಥ ಬೆಳಕು ಬೀಳುವ ದಿನ ಬಂದರೆ, ಅರಸರ ಕುದುರೆಗಳ ಜೊತೆಗೆ ಉಂಕೆ ಲಾಳಿಗಳೂ, ಕಂಡಿಕೆ ಸುತ್ತುವ ದುಗ್ಗಳೆಯೂ ಅಲ್ಲಿ ಕಾಣಿಸಲಿ. ಆದರೆ ಬೆಳಕಿನ ಸೀರೆಯನ್ನು ಯಾರೂ ಉಡಲಾರರು. ಮರುದಿನ ಬೆಳಗ್ಗೆ ನೇಕಾರನ ಮನೆಗೆ ಹೋಗಿ, ಅವನು ನೆಯ್ದುದಕ್ಕೆ ತಕ್ಕ ಬೆಲೆ ಕೊಟ್ಟು ಕೊಂಡು ಉಡುವವರಿದ್ದರೆ ಮಾತ್ರ ಆ ಉತ್ಸವ ದಾಸಿಮಯ್ಯನಿಗೆ ಸಲ್ಲುವ ಪೂಜೆಯಾದೀತು.