ವಾನ್ ರೀಡ್ ಮತ್ತು ಮಲಬಾರಿನ ವೈದ್ಯರು

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಸಸ್ಯಗಳ ವರ್ಗೀಕರಣ ಹೇಳಬೇಕಿತ್ತು. ಪೀಠಿಕೆಗೆ ಎಲ್ಲರೂ ಲಿನೇಯಸ್‌ನ ಬದುಕನ್ನೇ ಹೇಳುತ್ತಾರೆ. ಹಿಂದಿನ ವರ್ಷ ಕೊಚ್ಚಿ ನೋಡಿ ಬಂದಿದ್ದ ನಾನು ಹೆಂಡ್ರಿಕ್ ವಾನ್ ರೀಡ್‌ನನ್ನು ಆರಿಸಿಕೊಂಡೆ. ಅಲ್ಲಿ ಡಚ್ಚರ ಗುರುತುಗಳನ್ನು ಈಗ ಅಕ್ಕರೆಯಿಂದ ತೋರಿಸುತ್ತಾರೆ. ಪೋರ್ಚುಗೀಸರು ಕಟ್ಟಿಸಿ ಡಚ್ಚರು ದುರಸ್ತಿ ಮಾಡಿಸಿದ ಮಟ್ಟಾಂಚೇರಿ ಅರಮನೆಗೂ ಡಚ್ ಅರಮನೆ ಎಂದೇ ಹೆಸರು!

ವಾನ್ ರೀಡ್ ಹುಟ್ಟಿದ್ದು 1636ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಸೇರಿದ. 1663ರಲ್ಲಿ ಕಂಪನಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡ ಯುದ್ಧದಲ್ಲಿ ಅವನೂ ಇದ್ದ. 1670ರಿಂದ 1677ರವರೆಗೆ ಮಲಬಾರಿನ ಕಮಾಂಡರ್. ಕಂಪನಿಗೆ ಬೇಕಿದ್ದದ್ದು ಕಾಳುಮೆಣಸು. ಇವನ ಮನಸ್ಸು ಕಾಡಿನ ಗಿಡಗಳ ಮೇಲೆ. ಔಷಧಿಗಳನ್ನು ಯೂರೋಪಿನಿಂದ ತರಿಸುವ ಬದಲು ಇಲ್ಲೇ ಹುಡುಕಬಹುದೆಂಬ ಲೆಕ್ಕಾಚಾರವೂ ಇತ್ತು.

ಹೀಗೆ ಹುಟ್ಟಿದ್ದು ಹೊರ್ಟಸ್ ಮಲಬಾರಿಕಸ್. ಲ್ಯಾಟಿನ್ ಭಾಷೆಯ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದವು. ಏಳುನೂರಕ್ಕೂ ಹೆಚ್ಚು ಸಸ್ಯಗಳು, ಮೊದಲನೆಯದೇ ತೆಂಗು. ಮುಂದೆ ಲಿನೇಯಸ್ ತಾನು ಕಣ್ಣಾರೆ ಕಾಣದ ಎಷ್ಟೋ ಮಲಬಾರ್ ಸಸ್ಯಗಳಿಗೆ ಹೆಸರಿಡುವಾಗ ಈ ಗ್ರಂಥದ ಚಿತ್ರಗಳನ್ನು ನೆಚ್ಚಿಕೊಂಡ.

ಇಲ್ಲಿಗೆ ಬಂದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, ಪರದೇಶದ ಸಿಪಾಯಿಗೆ ಯಾವ ಎಲೆ ಯಾವ ರೋಗಕ್ಕೆಂದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ಸ್ಥಳೀಯರು ಸಹಾಯ ಮಾಡಿದರು ಎಂದೆ. ನನ್ನ ಪಾಠಯೋಜನೆಯಲ್ಲಿ ಇದ್ದದ್ದೂ ಅಷ್ಟೇ, ಒಂದು ಸಾಲು. ಸಹಾಯ ಎಂಬ ಆ ಪದ ಬಾಯಿಂದ ಬಿದ್ದ ಕೂಡಲೇ ನನಗೇ ನಾಚಿಕೆಯಾಯಿತು.

ಆ ರಾತ್ರಿ ಯೋಜನೆಯನ್ನು ತಿರುಗಿ ಬರೆದೆ. ಮರುದಿನ ಬಿ ವಿಭಾಗದಲ್ಲಿ ಆರಂಭಿಸಿದ್ದು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನಿಂದ. ಗಿಡಗಳ ಹೆಸರು, ಗುಣ, ಬಳಕೆ ಅವನ ಮನೆತನದ ವಿದ್ಯೆ. ಅವನ ಜೊತೆಗೆ ರಂಗಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಇವರ ಪ್ರಮಾಣಪತ್ರಗಳನ್ನು ವಾನ್ ರೀಡ್ ಅವರವರ ಲಿಪಿಯಲ್ಲೇ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಆ ಕಾಲದ ಅಧಿಕಾರಿಯೊಬ್ಬ ಇಷ್ಟು ಮಾಡಿದ್ದು ದೊಡ್ಡದು. ಅದನ್ನು ನಾನೇ ಮುಚ್ಚಿಟ್ಟಿದ್ದೆನಲ್ಲ! ಕೊಂಕಣಿಯ ಮಾತು ಬಂದಾಗ ಮನೆಯಲ್ಲಿ ಆ ಭಾಷೆ ಆಡುವ ಇಬ್ಬರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇನ್ನೊಂದು ಸಂಗತಿಯನ್ನೂ ಬಿಡಲಿಲ್ಲ. ಅವನ ಕಂಪನಿ ಮಲಬಾರ್ ಕರಾವಳಿಯಿಂದ ಮನುಷ್ಯರನ್ನೂ ಗುಲಾಮರಾಗಿ ಹಡಗಿಗೇರಿಸುತ್ತಿತ್ತು. ಆಮೇಲೆ ಅದೇ ಕಂಪನಿಯ ಭ್ರಷ್ಟಾಚಾರ ತನಿಖೆಗೆ ಅವನನ್ನು ಕಳಿಸಿದರು. 1691ರ ಡಿಸೆಂಬರ್‌ನಲ್ಲಿ ಸೂರತ್‌ಗೆ ಹೋಗುವ ದಾರಿಯಲ್ಲಿ, ಹಡಗಿನಲ್ಲೇ ತೀರಿಕೊಂಡ. ಕೊನೆಯ ಸಂಪುಟಗಳನ್ನು ಅವನು ನೋಡಲಿಲ್ಲ. ಸಮಾಧಿ ಸೂರತ್‌ನಲ್ಲಿದೆ.

ಪೀಠಿಕೆಗೆ ಐದು ನಿಮಿಷ ಎಂದು ಬರೆದಿದ್ದೆ, ಹದಿನೆಂಟು ಹಿಡಿಯಿತು. ವರ್ಗೀಕರಣದ ಚಾರ್ಟ್ ಬಿಚ್ಚುವಷ್ಟರಲ್ಲಿ ಗಂಟೆ ಹೊಡೆಯಿತು. ಸಮಯಪಾಲನೆ ಇಲ್ಲ ಎಂದು ವೀಕ್ಷಣಾ ಪುಸ್ತಕದಲ್ಲಿ ಷರಾ ಬಿದ್ದಿದೆ, ಅದು ಸರಿಯಾದದ್ದೇ. ಮುಂದಿನ ಸಲ ವಾನ್ ರೀಡ್‌ನ ಯುದ್ಧವನ್ನು ಕಡಿಮೆ ಮಾಡುತ್ತೇನೆ, ವೈದ್ಯರನ್ನಲ್ಲ.